ಎರಡು ದಿನ ತಡವಾಗಿ ಬಂದ ಎಚ್ಚರಿಕೆ

ಮೂರು ವರ್ಷದ ಹಿಂದಿನ ಬೇಸಿಗೆ. ಆಗ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪುಟ್ಟ ಕಚೇರಿ ಇಟ್ಟುಕೊಂಡು ಸುತ್ತಲಿನ ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಒಂದು ಮಂಗಳವಾರ ಮಾಚೇನಹಳ್ಳಿಯ ಐಸ್‌ಕ್ರೀಮ್ ಘಟಕವೊಂದರಿಂದ ತುರ್ತು ಕರೆ ಬಂತು. ಭಾನುವಾರದ ರಜೆಯಲ್ಲಿ ಕೋಲ್ಡ್ ರೂಮಿನ ಕಂಪ್ರೆಸರ್ ನಿಂತು, ಮದುವೆ ಸೀಸನ್ನಿಗೆಂದು ಮಾಡಿಟ್ಟ ಮಾಲೆಲ್ಲ ಪಾಯಸವಾಗಿತ್ತು.

ರೂಮು ಬಿಸಿಯಾದರೆ ಅಲ್ಲಿನ ಕಂಪ್ಯೂಟರ್ ತಾನಾಗಿಯೇ ಉಸ್ತುವಾರಿ ಸೆಲ್ವಿಯವರಿಗೆ ಮೇಲ್ ಕಳಿಸಬೇಕು, ಅವರು ಭದ್ರಾವತಿಯಿಂದ ಸ್ಕೂಟರ್ ಹತ್ತಿ ಬರಬೇಕು. ಅಲ್ಲಿದ್ದ ವ್ಯವಸ್ಥೆ ಅದು.

"ಮೇಲ್ ನೋಡ್ದೇನೇ ಮಲ್ಗಿದಾಳೆ. ಈಗ ಡಿಲೀಟ್ ಮಾಡಿ ನಾಟಕ ಆಡ್ತಿದಾಳೆ. ನಾಳೆಯಿಂದ ಬರೋದು ಬೇಡ!" ಎಂದು ನಾನು ಅಲ್ಲಿಗೆ ಹೋದಾಗ ಮಾಲೀಕರು ಗುಡುಗುತ್ತಿದ್ದರು. ಸೆಲ್ವಿಯವರ ಫೋನನ್ನು ಕಿತ್ತುಕೊಂಡು ತಮ್ಮ ಮೇಜಿನ ಮೇಲಿಟ್ಟುಕೊಂಡಿದ್ದರು.

"ಬಂದೇ ಇಲ್ಲ ಸಾರ್. ಬಂದಿದ್ರೆ ಓಡಿ ಬರ್ತಿರ್ಲಿಲ್ವಾ?" ಎಂದ ಸೆಲ್ವಿಯವರ ಕಣ್ಣು ತುಂಬಿತ್ತು. ನನಗೆ ಮಾಲೀಕರ ಮೇಲೆ ಸಿಟ್ಟೇ ಬಂತು.

"ಇತ್ತೀಚೆಗೆ ಏನಾದ್ರೂ ಬದಲಾಯಿಸಿದ್ರಾ?" ಎಂದು ಮಾಲೀಕರನ್ನು ಕೇಳಿದೆ.

"ಶನಿವಾರ ಹೊಸ ಫೈಬರ್ ಲೈನ್ ಹಾಕ್ಸಿದ್ವಿ. ಮೇಲ್ ಎಲ್ಲಾ ಹೋಗ್ತಿದೆ ಮಾರಾಯ್ರೆ, ಬೆಳಿಗ್ಗೆ ನಾನೇ ಕಳ್ಸಿದೀನಿ."

ನನ್ನ ಕಿವಿ ನೆಟ್ಟಗಾಯಿತು! ಅವರು ಕಳಿಸಿದ್ದು ಬ್ರೌಸರಿನಿಂದ. ಕೋಲ್ಡ್ ರೂಮಿನ ಹಳೇ ಕಂಪ್ಯೂಟರ್ ಕಳಿಸುವುದು ಪೋರ್ಟ್ 25ರಿಂದ. ಪೋರ್ಟ್ ಅಂದರೆ ಡೇಟಾ ಓಡಾಡುವ ಬಾಗಿಲು. ವೈರಸ್ ಹೊಕ್ಕ ಕಂಪ್ಯೂಟರುಗಳು ಈ ಬಾಗಿಲಿನಿಂದ ಸ್ಪ್ಯಾಮ್ ಸುರಿಯುತ್ತವೆಂದು ಅನೇಕ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿಬಿಡುತ್ತವೆ. ಹೊಸ ಲೈನನ್ನು ಪರೀಕ್ಷಿಸಿದೆ. 25ರಲ್ಲಿ ಉತ್ತರವೇ ಇಲ್ಲ, 587ರಲ್ಲಿ ತಟ್ಟನೆ ಉತ್ತರ! ಇದು ಹೆಸರು, ಪಾಸ್‌ವರ್ಡ್ ಕೇಳಿ ಬಿಡುವ ಬಾಗಿಲು, ಹಾಗಾಗಿ ಸಾಮಾನ್ಯವಾಗಿ ತೆರೆದೇ ಇರುತ್ತದೆ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹೋಗಲಾಗದ ಮೇಲ್‌ಗಳನ್ನು ಆ ಕಂಪ್ಯೂಟರ್ ಎಸೆದಿರಲಿಲ್ಲ, ಸಾಲಿನಲ್ಲಿ ನಿಲ್ಲಿಸಿಕೊಂಡಿತ್ತು! ನಾನು ಯಾರಿಗೂ ಹೇಳಲಿಲ್ಲ. ಘಟಕದ ಮೇಲ್ ಖಾತೆಯ ಪಾಸ್‌ವರ್ಡ್ ಹಾಕಿಸಿ, ದಾರಿಯನ್ನು 587ಕ್ಕೆ ತಿರುಗಿಸಿ, ಎಂಟರ್ ಒತ್ತಿದೆ.

ಮೇಜಿನ ಮೇಲಿದ್ದ ಸೆಲ್ವಿಯವರ ಫೋನ್ ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ನಿಲ್ಲಲೇ ಇಲ್ಲ. ಮಾಲೀಕರು ಎತ್ತಿ ಓದಿದರು: 'ಭಾನುವಾರ ಮಧ್ಯಾಹ್ನ. ಕಂಪ್ರೆಸರ್ ನಿಂತಿದೆ. ಕೂಡಲೇ ಬನ್ನಿ.' ನಾನು ಕುಣಿಯುವುದೊಂದು ಬಾಕಿ.

"ಈಗ ಬಂತು ನೋಡಿ ಸಾರ್," ಎಂದು ಸೆಲ್ವಿ ಕೈ ಚಾಚಿದರು.

ಮಾಲೀಕರು ಎದ್ದು ನಿಂತು ಫೋನ್ ಕೊಟ್ಟರು. "ತಪ್ಪಾಯ್ತಮ್ಮ. ನಾಳೆ ಬಾ."

ಎಚ್ಚರಿಕೆ ಬರಲಿಲ್ಲವೆಂದರೆ ಎಲ್ಲ ನೆಟ್ಟಗಿದೆ ಎಂದಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅದಕ್ಕೇ ಅಲ್ಲಿಂದ ದಿನಾ ಬೆಳಿಗ್ಗೆ 'ಎಲ್ಲ ಸರಿಯಿದೆ' ಎಂಬ ಮೇಲ್ ಇಬ್ಬರಿಗೂ ಹೋಗುವಂತೆ ಮಾಡಿದ್ದೇನೆ. ಬಾರದ ದಿನ ಮಾಲೀಕರು ಸೆಲ್ವಿಯವರನ್ನು ಬೈಯುವುದಿಲ್ಲ, ನನಗೆ ಫೋನ್ ಮಾಡಿ ಬೈಯುತ್ತಾರೆ.