ಸಿದ್ದವ್ವನ ಎಣ್ಣೆಯಲ್ಲಿ ತಪ್ಪಿರಲಿಲ್ಲ

ದೋಣಿ ಮುಳುಗುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಮೊಳಕಾಲ್ಮೂರಿನ ಕೆರೆ ಏರಿಯ ಮೇಲೆ ನಿಂತು, ತೊಟ್ಟ ಕೋಟಿನ ಮೇಲೆ ಒಂದು ಹನಿಯೂ ಸಿಡಿಯದ ಹಾಗೆ ನೋಡಿದೆ. ಒಳಗಿದ್ದವನು ಬೇರೆಯವನು. ದೋಣಿಗೆ ಎಣ್ಣೆ ಬಳಿದವನು ನಾನು.

ಮುಳುಗಿದ್ದಕ್ಕೆ ನಾಚಿಕೆಯಿಲ್ಲ. (ಸ್ವಲ್ಪ ಇದೆ.) ಆಮೇಲೆ ನಾನು ಆಡಿದ ಒಂದು ಮಾತಿದೆಯಲ್ಲ, ಅದನ್ನು ನೆನೆದರೆ ಊಟ ಸೇರುತ್ತಿಲ್ಲ. ವಾರವಾರ ಊರವರ ತಪ್ಪನ್ನೆಲ್ಲ ಹೆಕ್ಕಿ ಈ ಪತ್ರಿಕೆಯಲ್ಲಿ ತೋರಿಸುವವನು ನಾನು. ಈ ವಾರ ನನ್ನದನ್ನು ಕೇಳಿ.

ನಾನು ಕೆರೆಗಳ ಓವರ್ಸಿಯರ್ ಎಂಬುದು ನಿಮಗೆ ಗೊತ್ತೇ ಇದೆ. ಈ ಸಲ ಮಳೆ ಚೆನ್ನಾಗಿ ಬಂದು ಮೊಳಕಾಲ್ಮೂರಿನ ಕೆರೆ ತುಂಬಿತು. ತುಂಬಿದ್ದೇ ತಡ, ತೂಬು ಸಿಕ್ಕಿಕೊಂಡಿತು. ತೂಬಿನ ಕಲ್ಲುಕಂಬಗಳಿರುವುದು ಏರಿಯಿಂದ ದೂರ, ನೀರಿನ ನಡುವೆ. ಅಲ್ಲಿಗೆ ಹೋಗಿ ನೋಡುವುದು ಹೇಗೆ? ಎಂಜಿನಿಯರ್ ಸಾಹೇಬರಿಗೆ ಚಳ್ಳಕೆರೆ ಆಫೀಸಿನ ಉಗ್ರಾಣದಲ್ಲಿದ್ದ ಮಡಚುವ ದೋಣಿ ನೆನಪಾಯಿತು.

ಹಿಂದೆ ಯಾರೋ ಇಂಗ್ಲಿಷ್ ದೊರೆ ಬಾತುಕೋಳಿ ಶಿಕಾರಿಗೆಂದು ಸೀಮೆಯಿಂದ ತರಿಸಿ, ವರ್ಗವಾದಾಗ ಬಿಟ್ಟುಹೋದದ್ದು. ಮರದ ಪಕ್ಕೆಲುಬು, ಹಿತ್ತಾಳೆಯ ಕೀಲು, ಮೇಲೆ ಕ್ಯಾನ್ವಾಸಿನ ಹೊದಿಕೆ. ಬಿಡಿಸಿದರೆ ಇಬ್ಬರು ಕೂರುವ ದೋಣಿ. ಮಡಚಿದರೆ ಹೆಗಲ ಮೇಲೆ ಹೊರುವ ಗಂಟು. ಎಂಥ ತಲೆ ನೋಡಿ! ಆದರೆ ವರ್ಷಗಟ್ಟಲೆ ಮಡಚಿಯೇ ಇಟ್ಟಿದ್ದರಿಂದ ಕ್ಯಾನ್ವಾಸು ಮಡಿಕೆ ಮಡಿಕೆಯಲ್ಲೂ ಬಿರುಕು ಬಿಟ್ಟಿತ್ತು. ಹಳೆಯ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಒಂದು ಕಡೆ ಗೇಣುದ್ದ ಹರಿದೂ ಇತ್ತು.

"ಹದಿನೈದು ದಿನದಲ್ಲಿ ರಿಪೇರಿ ಮಾಡಿ ತನ್ನಿ" ಎಂದರು ಸಾಹೇಬರು.

"ಆಗಲಿ ಸರ್" ಎಂದೆ. ನನಗೆ ಬರುವ ಇಂಗ್ಲಿಷ್ ಪುಸ್ತಕವಿದ್ಯೆಗೆ ಇದೇನು ಮಹಾ?

ಮೊದಲು ಜೇನುಮೇಣ ಕಾಸಿ ಹಚ್ಚಿದೆ. ಚಳ್ಳಕೆರೆಯ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಕರಗಿ ನೆಲ ಸೇರಿತು. ಡಾಂಬರು ಹಚ್ಚಿದೆ. ಒಣಗಿದ ಮೇಲೆ ಮಡಚಿದರೆ ಚಟಪಟ ಎಂದು ಬಿರಿಯಿತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಎಂಟು ದಿನ ಕಳೆದಿತ್ತು.

ಆಗ ತೋಚಿತು: ಕಪಿಲೆ ಬಾವಿಯಿಂದ ನೀರೆತ್ತುವ ತೊಗಲು ಚೀಲ ದಿನವಿಡೀ ನೀರಿನಲ್ಲಿ ಮುಳುಗೇಳುತ್ತದೆ. ಸೋರುವುದಿಲ್ಲ, ಮಡಚಿದರೆ ಬಿರಿಯುವುದಿಲ್ಲ. ಅದಕ್ಕೇನು ಹಚ್ಚುತ್ತಾರೆ? ರೈತರನ್ನು ಕೇಳಿದರೆ ಎಲ್ಲರೂ ತೋರಿಸಿದ್ದು ಸಿದ್ದವ್ವನ ಗಾಣವನ್ನು.

ಸಿದ್ದವ್ವನಿಗೆ ಅರವತ್ತು ದಾಟಿರಬೇಕು. ಗಂಡ ಹೋದ ಮೇಲೆ ಗಾಣ ನಡೆಸುತ್ತಿರುವವಳು ಆಕೆಯೇ. ನಾನು ಒಯ್ದಿದ್ದ ಕ್ಯಾನ್ವಾಸನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿ, "ಕುಸುಬೆ ಎಣ್ಣೆ ಬೇಕು ಸ್ವಾಮಿ. ಹಸೀದಲ್ಲ, ಕುದ್ಸಿದ್ದು" ಎಂದಳು.

ಕುದಿಸಿಯೂ ಕೊಟ್ಟಳು. ಊರ ಹೊರಗೆ ಒಲೆ ಹೂಡಿ, ಬೆಳಗಿನಿಂದ ಸಂಜೆಯವರೆಗೆ ಸಣ್ಣ ಉರಿಯಲ್ಲಿ. ಆ ಹೊಗೆಯ ಘಾಟಿಗೆ ನಾನು ದೂರ ನಿಂತಿದ್ದೆ. ಆಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಲೆಯ ಮುಂದೆಯೇ ಇದ್ದಳು. ಎಣ್ಣೆ ಬೆರಳ ನಡುವೆ ಎಳೆ ಬರುವಂತಾದ ಮೇಲೆ ಇಳಿಸಿ, ಪಾಠ ಮಾಡಿದಳು.

"ಬಳಿಬ್ಯಾಡ್ರಿ, ತಿಕ್ರಿ. ತೆಳ್ಳಗೆ ಒಂದು ಕೈ ತಿಕ್ಕಿ ಗಾಳಿಗೆ ಬಿಡ್ರಿ. ಮೂರು ದಿನ ಬಿಟ್ಟು ಅಂಗೈ ಹಿಂಭಾಗ ಒತ್ತಿ ನೋಡ್ರಿ. ಅಂಟ್ಲಿಲ್ಲ ಅಂದ್ರೆ ಇನ್ನೊಂದು ಕೈ. ಹಿಂಗೆ ಮೂರು ಸಲ."

"ಅಂದರೆ ಹತ್ತು ದಿನವಾಯಿತಲ್ಲ?"

"ಆಗ್ತೈತೆ. ಎಣ್ಣೆಗೇನು ನಿಮ್ ಸಾಹೇಬ್ರು ಗೊತ್ತೈತಾ?"

ನನಗೆ ಉಳಿದಿದ್ದುದು ಆರು ದಿನ. ಅದರಲ್ಲಿ ಎರಡು ದಿನ ಗಾಡಿ ಪ್ರಯಾಣ. ಇನ್ನೊಂದು ವಾರ ಬೇಕು ಎಂದು ಸಾಹೇಬರಿಗೆ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಬರೆದರೆ ಮೇಣದ ಕಥೆ, ಡಾಂಬರಿನ ಕಥೆ ಎಲ್ಲ ಹೇಳಬೇಕಾಗುತ್ತದಲ್ಲ!

ಮೂರು ಕೈ ತೆಳ್ಳಗೆ ಹಚ್ಚುವ ಬದಲು ಒಂದೇ ಕೈ ದಪ್ಪಗೆ ಬಳಿದೆ. ಲೆಕ್ಕ ಸರಿಹೋಯಿತಲ್ಲವೇ? ನಾಲ್ಕನೆಯ ದಿನ ಮೇಲ್ಗಡೆ ಕೆನೆ ಕಟ್ಟಿ ಫಳಫಳ ಹೊಳೆಯಿತು. ನಾನೂ ಹೊಳೆದೆ. ದೋಣಿಯನ್ನು ಗಾಡಿಗೆ ಹಾಕಿಕೊಂಡು ಹೊರಟೆ.

ಮೊಳಕಾಲ್ಮೂರಿನಲ್ಲಿ ಹರಿದ ಜಾಗಕ್ಕೆ ಹೊಲಿಗೆ ಹಾಕಿಕೊಟ್ಟವನು ಓಬಳೇಶಪ್ಪ. ರೇಷ್ಮೆ ಸೀರೆ ನೇಯುವವನು, ಮನೆಮಾತು ತೆಲುಗು. ಹೊಲಿಯುತ್ತ ಹೊಲಿಯುತ್ತ ಬೆರಳು ಮೂಸಿ ನೋಡಿದ.

"ಇಂಕಾ ಅಂಟ್ತಾ ಐತಲ್ಲ ಸ್ವಾಮಿ. ಒಳ್ಗೆ ಹಸೀನೇ ಐತೆ."

"ಅದು ಹಾಗೇ ಇರುವುದು. ನೀನು ಹೊಲಿ" ಎಂದೆ.

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ದೋಣಿಯನ್ನು ನೀರಿಗಿಳಿಸಿದೆವು. ತೇಲಿತು! ತೂಬಿನವರೆಗೆ ಹೋಗುವವರು ಯಾರು? ಓವರ್ಸಿಯರನೇ ಹೋಗಬೇಕು. ಆದರೆ ನನಗೆ ಈಜು ಬಾರದು. "ಓಬಳೇಶಪ್ಪ ಚೆನ್ನಾಗಿ ಈಜುತ್ತಾನೆ ಸರ್, ತೂಬಿನ ಜಾಗವೂ ಅವನಿಗೆ ಗೊತ್ತು" ಎಂದೆ. ಆತ ನನ್ನ ಮುಖ ನೋಡಿದ. ಹತ್ತಿ ಕುಳಿತ.

ಅರ್ಧ ದಾರಿ ಹೋಗುವಷ್ಟರಲ್ಲಿ ಕೂಗು ಕೇಳಿಸಿತು. "ನೀಳ್ಳು! ಸ್ವಾಮೀ, ನೀಳ್ಳು!" ನೀರು ಎಂಬುದು ಅವನ ಬಾಯಲ್ಲಿ ಮನೆಮಾತಿನಲ್ಲೇ ಬಂದಿತ್ತು. ಮಡಿಕೆಗಳಲ್ಲಿ ಹಸಿ ಎಣ್ಣೆ ಜಾರಿ ಬಿರುಕುಗಳು ಬಾಯಿಬಿಟ್ಟಿದ್ದವು. ದೋಣಿ ಒಂದು ಕಡೆಗೆ ವಾಲಿತು. ಹಿತ್ತಾಳೆಯ ಕೀಲು ಕಳಚಿ, ಮಡಚುವ ದೋಣಿ ಮಡಚಿಕೊಂಡಿತು. ಅವನು ಒಳಗಿರುವಾಗಲೇ.

ಎಷ್ಟು ಹೊತ್ತು? ನಾನು ಹತ್ತು ಸಲ ಉಸಿರಾಡಿರಬೇಕು. ಅವನು ಒಂದು ಸಲವೂ ಇಲ್ಲ. ಕೊನೆಗೆ ತಲೆ ಮೇಲೆ ಬಂತು. ಈಜಿಕೊಂಡು ದಡಕ್ಕೆ ಬಂದು, ಬಗ್ಗಿ ನೀರು ಕಾರಿದ. ಬಲಗೈ ಕೀಲಿಗೆ ಸಿಕ್ಕಿ ಅಂಗೈ ಸೀಳಿತ್ತು. ಮಗ್ಗದಲ್ಲಿ ಲಾಳಿ ಹಿಡಿಯುವ ಕೈ ಅದು.

ಸಾಹೇಬರು ನನ್ನ ಕಡೆ ತಿರುಗಿದರು. "ಏನ್ರೀ ಇದು? ಏನು ಹಚ್ಚಿದ್ದಿರಿ?"

ಒಂದು ಕ್ಷಣವೂ ಯೋಚಿಸಲಿಲ್ಲ. "ಎಣ್ಣೆ ಕಲಬೆರಕೆ ಸರ್. ಚಳ್ಳಕೆರೆಯ ಗಾಣದವಳು ಮೋಸ ಮಾಡಿದಳು" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅಭ್ಯಾಸ ಮಾಡಿಕೊಂಡು ಬಂದವನ ಹಾಗೆ. ಸಾಹೇಬರು ತಲೆಯಾಡಿಸಿದರು. ಸುತ್ತ ನಿಂತಿದ್ದ ಗಾಡಿಯವರು, ಜವಾನರು "ಅಯ್ಯೋ, ಹಂಗಾ?" ಎಂದರು. ಪಂಚೆ ಹಿಂಡುತ್ತಿದ್ದ ಓಬಳೇಶಪ್ಪ ಮಾತ್ರ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಹೇಳಿದ.

"ಒಣಗಿರ್ಲಿಲ್ಲ ಕದಾ ಸ್ವಾಮಿ."

ನಾನು ಕೆರೆಯ ಕಡೆ ನೋಡಿದೆ.

ವಾಪಸು ದಾರಿಯಲ್ಲಿ, ಬಿ.ಜಿ. ಕೆರೆ ಎಂಬ ಊರಿನಲ್ಲಿ ಎರಡು ದಿನ ಕೆಲಸವಿತ್ತು. ನಾನು ಚಳ್ಳಕೆರೆ ತಲುಪುವ ಮೊದಲೇ ಗಾಡಿಯವರು ತಲುಪಿದ್ದರು. ಅವರ ಜೊತೆ ನನ್ನ ಮಾತೂ. ಸಿದ್ದವ್ವನ ಗಾಣದ ಮುಂದೆ ಹೋದರೆ ಎತ್ತು ಬಿಚ್ಚಿ ಕಟ್ಟಿದ್ದರು. ಎಣ್ಣೆಯ ಕೊಡಗಳು ತುಂಬಿ ಕೂತಿದ್ದವು. ಕಪಿಲೆಯ ಚೀಲಕ್ಕೆ ಎಣ್ಣೆ ಒಯ್ಯುತ್ತಿದ್ದವರು ಬರುವುದನ್ನೇ ಬಿಟ್ಟಿದ್ದರು. ಹಿಂದಿನ ದಿನ ಒಬ್ಬ ಒಯ್ದ ಎಣ್ಣೆಯನ್ನು ತಂದು ಬಾಗಿಲಲ್ಲಿ ಸುರಿದು ಹೋಗಿದ್ದನಂತೆ. ಕಲ್ಲಿನ ಮೇಲೆ ಕಲೆ ಇನ್ನೂ ಇತ್ತು.

"ಎಷ್ಟು ಕೈ ಹಚ್ಚಿದ್ರಿ?" ಎಂದು ಕೇಳಿದಳು. ಬೈಯಲಿಲ್ಲ.

"ಒಂದೇ."

ಬಗ್ಗಿ ಆ ಕಲೆಯನ್ನು ಸೆರಗಿನಿಂದ ತಿಕ್ಕತೊಡಗಿದಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ನಾನು ತಡೆಯಲಾರದೆ, "ತಪ್ಪಾಯಿತವ್ವ. ಪತ್ರಿಕೆಯಲ್ಲಿ ಎಲ್ಲ ಬರೆಯುತ್ತೇನೆ. ಸಾಹೇಬರಿಗೂ ಕಾಗದ ಹಾಕುತ್ತೇನೆ" ಎಂದೆ.

"ಬರೀರಿ. ನಂಗೆ ಓದಾಕೆ ಬರಾಕಿಲ್ಲ. ನನ್ ತಾವ ಎಣ್ಣೆ ಒಯ್ಯೋರ್ಗೂ ಬರಾಕಿಲ್ಲ. ಬಾಯಾಗೆ ಆಡಿದ್ದನ್ನ ಬಾಯಾಗೇ ತಗೀಬೇಕು ಕಣಪ್ಪಾ. ಸಂತೆಗೆ ಬರ್ತೀಯಾ?"

ಅಲ್ಲಿಯವರೆಗೆ ಸ್ವಾಮಿಯಾಗಿದ್ದವನು ಅಪ್ಪನಾದೆ, ನೀವು ಹೋಗಿ ನೀನು ಬಂತು. ಅಷ್ಟಕ್ಕೆ ನನಗೆ ಎಷ್ಟೋ ಹಗುರವಾಯಿತು.

ಸಂತೆಯ ದಿನ ಕೋಟು ತೊಟ್ಟುಕೊಂಡೇ ಆಕೆಯ ಕೊಡಗಳ ಪಕ್ಕ ನಿಂತೆ. ಮೈಯೆಲ್ಲ ಬೆವರು. ಗುರುತಿದ್ದ ರೈತನೊಬ್ಬ ಬಂದ. "ಈಯಮ್ಮನ ಎಣ್ಣೆಯಲ್ಲಿ ಏನೂ ತಪ್ಪಿಲ್ಲ. ತಪ್ಪಾಗಿ ಹಚ್ಚಿದವನು ನಾನು. ಸುಳ್ಳು ಹೇಳಿದವನೂ ನಾನೇ" ಎಂದೆ.

ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕೈಮುಗಿದ.

"ನಿಮ್ದು ದೊಡ್ಡ ಮನಸ್ಸು ಸ್ವಾಮಿ. ಮುದುಕಿ ಬಂದು ಅತ್ಲೇನೋ, ಪಾಪ, ತಪ್ಪನ್ನ ನಿಮ್ ತಲೆ ಮ್ಯಾಲೆ ಹಾಕ್ಕೊಂಡ್ರಿ."

ಎಣ್ಣೆ ಕೊಳ್ಳದೆ ಹೊರಟುಹೋದ! ಇನ್ನೊಬ್ಬನೂ ಅದೇ ಅಂದ. ಮೂರನೆಯವನು ನನ್ನ ಗುಣವನ್ನು ಪಕ್ಕದವನಿಗೆ ಕೊಂಡಾಡಿದ. ನಾಚಿಕೆಯಿಂದ ತಲೆ ತಗ್ಗಿಸಿದರೆ ಅದನ್ನೂ ವಿನಯ ಎಂದುಕೊಂಡರು. ಸಿದ್ದವ್ವ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದಳು.

ಆಮೇಲೆ ಇನ್ನೂ ಎರಡು ಸಂತೆಗೆ ಹೋಗಿದ್ದೇನೆ. ಹಳೆಯ ಗಿರಾಕಿಗಳಲ್ಲಿ ಕೆಲವರು ಮರಳಿದ್ದಾರೆ, ಎಲ್ಲರೂ ಅಲ್ಲ. ಸಾಹೇಬರಿಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ. ಓಬಳೇಶಪ್ಪನ ಕೈ ಮಾಗುತ್ತಿದೆಯಂತೆ. ಇನ್ನೂ ಮಗ್ಗಕ್ಕೆ ಕೂತಿಲ್ಲ. ಅವನ ಮನೆಗೂ ಹೋಗಬೇಕು. ಹೋಗುತ್ತೇನೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ನನ್ನ ಸುಳ್ಳಿಗೆ ಯಾರೂ ಸಾಕ್ಷಿ ಕೇಳಲಿಲ್ಲ. ನಿಜ ಹೇಳಿದರೆ ಯಾಕೆ ಯಾರೂ ನಂಬುತ್ತಿಲ್ಲ?