ಪಂಚಮಿಗೆ ಊರಿಗೆ ಹೋದ ದಾನೇಶ್ವರಿ

ವರ್ತೂರು ಕೆರೆಯಂಚಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ವನಜಾ ಮೇಡಂ ಮುಖ್ಯೋಪಾಧ್ಯಾಯಿನಿಯಾಗಿ ಬಂದು ಏಳು ವರ್ಷಗಳಾಗಿದ್ದವು. ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಶ್ರಾವಣದಲ್ಲಿ ನಾಗರಪಂಚಮಿಗೆಂದು ಅವರೆಲ್ಲ ಊರಿಗೆ ಹೊರಟರೆ ತರಗತಿಗಳು ಬಿಕೋ ಎನ್ನುತ್ತಿದ್ದವು. ಕೆಲವರು ಮರಳಿ ಬರುತ್ತಲೇ ಇರಲಿಲ್ಲ. ಅಂಥ ಹೆಣ್ಣುಮಕ್ಕಳ ಓದು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು.

೨೦೧೧ರಲ್ಲಿ ಮೇಡಮ್ಮಿಗೆ ಐದನೆಯ ತರಗತಿಯ ದಾನೇಶ್ವರಿಯದೇ ಚಿಂತೆ. ಹೇಳಿಕೊಟ್ಟದ್ದನ್ನು ಒಂದೇ ಸಲಕ್ಕೆ ಹಿಡಿಯುವ ಹುಡುಗಿ. ಹಬ್ಬ ಕಳೆಯುವವರೆಗೆ ತಮ್ಮ ಮನೆಯಲ್ಲೇ ಇರಿಸಿಕೊಳ್ಳುವುದಾಗಿ ಅವಳ ತಾಯಿ ಹನುಮವ್ವನಿಗೆ ಹೇಳಿನೋಡಿದರು. ಹನುಮವ್ವ ಒಪ್ಪಲಿಲ್ಲ. ಆ ಕಡೆ ಪಂಚಮಿಯೆಂದರೆ ಜೋಕಾಲಿ ಎಂದು ಮೇಡಂ ಕೇಳಿ ಬಲ್ಲವರು. ಜೋಕಾಲಿಯನ್ನು ಇಲ್ಲೇ ಕಟ್ಟಿದರಾಯಿತು ಎಂದುಕೊಂಡು ಶಾಲೆಯ ಹೊಂಗೆಮರಕ್ಕೆ ಹಗ್ಗ ಹಾಕಿಸಿದರು.

ಶಾಲಾ ಸಮಿತಿಯ ಅಧ್ಯಕ್ಷ ನರಸಪ್ಪ ನೋಡಿ ನಕ್ಕರು. "ಇನ್‌ಸ್ಪೆಕ್ಟ್ರು ಬಂದ್ರೆ ಅವ್ರನ್ನೂ ಕೂರಿಸ್ಬಿಡಿ ಮೇಡಂ, ರಿಪೋರ್ಟು ಚೆನ್ನಾಗ್ ಬರೀತಾರೆ."

ಮಕ್ಕಳು ನೂಕಾಡಿಕೊಂಡು ಜೀಕಿದರು. ದಾನೇಶ್ವರಿ ಮಾತ್ರ ಎರಡು ಸಲ ಜೀಕಿ ಇಳಿದು, ಮರಕ್ಕೆ ಒರಗಿ ನಿಂತಳು. ಮೇಡಂ ಹತ್ತಿರ ಹೋಗಿ, ಚೆನ್ನಾಗಿಲ್ಲವೇ ಎಂದು ಕೇಳಿದರು.

"ಚಲೋ ಐತ್ರಿ ಟೀಚರ್ರ. ಆದ್ರ ತೂಗಾಕ ಇಲ್ಲಿ ನಮ್ಮ ಆಯಿ ಇಲ್ಲಲ್ರಿ."

ತಾವು ಕಂಡದ್ದು ಹಗ್ಗವನ್ನಷ್ಟೇ ಎಂದು ಮೇಡಮ್ಮಿಗೆ ಆಗ ಹೊಳೆಯಿತು. ಊರಲ್ಲಿ ಆ ಅಜ್ಜಿ ವರ್ಷವಿಡೀ ಇದೊಂದು ದಿನಕ್ಕಾಗಿ ಕಾದಿರುತ್ತಾಳೆ. ಶಾಲೆ ಬಿಟ್ಟ ಮೇಲೆ ಅವರೇ ಹನುಮವ್ವನ ಶೆಡ್ಡಿಗೆ ಹೋದರು. ಮರಳಿ ಬರುತ್ತೇವೆಂದು ಮಾತು ಕೊಡಬೇಕಿಲ್ಲ ಎಂದರು.

"ಹೋಗ್ಬಿಟ್ ಬಾಮ್ಮ. ಅಲ್ಲೇ ಉಳ್ಕೊಂಡ್ರೂ ಪರವಾಗಿಲ್ಲ, ಸ್ಕೂಲ್ ಮಾತ್ರ ಬಿಡಿಸ್ಬೇಡ."

ಹನುಮವ್ವ ಸೆರಗಿನಿಂದ ಕಣ್ಣೊರಸಿಕೊಂಡು ತಲೆಯಾಡಿಸಿದಳು.

ಗೌರಿಹಬ್ಬದ ಹೊತ್ತಿಗೆ ಉಳಿದವರು ಬಂದರು. ದಾನೇಶ್ವರಿ ಬರಲಿಲ್ಲ. ಹಾಜರಿ ಕೂಗುವಾಗ ಅವಳ ಹೆಸರಿನ ಬಳಿ ಮೇಡಮ್ಮಿನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ದಸರಾ ರಜೆ ಮುಗಿದ ವಾರ ಯಾದಗಿರಿ ಕಡೆಯ ಹಳ್ಳಿಯ ಶಾಲೆಯೊಂದರಿಂದ ಕಾಗದ ಬಂತು. ದಾನೇಶ್ವರಿ ಎಂಬ ಬಾಲಕಿಯನ್ನು ಸೇರಿಸಿಕೊಂಡಿದ್ದೇವೆ, ವರ್ಗಾವಣೆ ಪತ್ರ ಕಳುಹಿಸಿರಿ. ಮೇಡಂ ಅದನ್ನು ಮೂರು ಸಲ ಓದಿದರು. ಅಂದೇ ಪತ್ರ ತುಂಬಿ, ಸಹಿ ಹಾಕಿ, ತಾವೇ ಅಂಚೆ ಕಚೇರಿಗೆ ಒಯ್ದರು. ಮಾರನೆಯ ದಿನ ಹಾಜರಿ ಕೂಗುವಾಗ, ಪಟ್ಟಿಯಿಂದ ತೆಗೆದುಹಾಕಿದ್ದ ಆ ಹೆಸರನ್ನು ಅಭ್ಯಾಸಬಲದಿಂದ ಕೂಗಿಬಿಟ್ಟರು. ಮಕ್ಕಳು ಯಾರೂ ನಗಲಿಲ್ಲ.