ಗಾಜಿನ ಮೇಲಿನ ಸಾಲು

ಎರಡು ಸಾವಿರದ ಇಸವಿಯ ಆಚೀಚೆ ಯಾದವಗಿರಿಯ ಹಳೇ ಬಂಗಲೆಯೊಂದರಲ್ಲಿ ಸಣ್ಣ ಕೇಬಲ್ ವಾಹಿನಿಯೊಂದು ನಡೆಯುತ್ತಿತ್ತು. ನಾನು ಹಿನಕಲ್‌ನಿಂದ ಬಸ್ಸಿನಲ್ಲಿ ಬಂದು ಅಲ್ಲಿನ ಟೆಲಿಪ್ರಾಂಪ್ಟರ್ ನೋಡಿಕೊಳ್ಳುತ್ತಿದ್ದೆ. ಕ್ಯಾಮೆರಾದ ಮುಂದೆ ಅಂಗಾತ ಮಲಗಿಸಿದ ಪರದೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಗಾಜು. ಪರದೆಯಲ್ಲಿ ತಿರುಗುಮುರುಗಾಗಿ ಮೂಡುವ ಅಕ್ಷರ ಗಾಜಿನಲ್ಲಿ ನೆಟ್ಟಗೆ ಕಾಣುತ್ತಿತ್ತು. ಗಾಜಿನ ಹಿಂದಿದ್ದ ಕ್ಯಾಮೆರಾಕ್ಕೆ ಮಾತ್ರ ಅಕ್ಷರ ಕಾಣದು, ಓದುವವರ ಮುಖವಷ್ಟೇ. ಅವರ ಮಾತಿನ ವೇಗಕ್ಕೆ ಸಾಲು ಸರಿಸುವುದು ನನ್ನ ಕೆಲಸ.

ವಾರ್ತೆ ಓದುತ್ತಿದ್ದವರು ಅಗ್ರಹಾರದ ನಿವೃತ್ತ ಮೇಷ್ಟ್ರು. "ನಿಮ್ ಮೇಷ್ಟ್ರು ನನ್ನೇ ನೋಡ್ಕಂಡು ಹೇಳ್ತಾರೆ ಕಣೆ" ಎಂದು ನಮ್ಮಮ್ಮ ಹಿಗ್ಗುತ್ತಿದ್ದಳು.

ಒಂದು ದಿನ ಅವರು ಅಕ್ಷರ ದೊಡ್ಡದು ಮಾಡಲು ಹೇಳಿದರು. ಮರುವಾರ ಇನ್ನೂ ದೊಡ್ಡದು. ಕೊನೆಗೆ ಸಾಲಿಗೆ ಎರಡೇ ಪದ ಹಿಡಿಯುತ್ತಿದ್ದವು. ಆಮೇಲೆ ಅದೂ ಕಾಣದಾಯಿತು.

"ಕಣ್ಣಿನ ನರ ಒಣಗ್ತಿದೆಯಂತೆ ಕಣಮ್ಮ, ಕನ್ನಡಕಕ್ಕೆ ಬಗ್ಗೋದಲ್ಲ. ಚಾನೆಲ್ ಯಜಮಾನ್ರಿಗೆ ಹೇಳ್ಬುಡಬೇಡ. ಇದೂ ಹೋದ್ರೆ ಮನೇಲಿ ಗೋಡೆ ನೋಡ್ಕೊಂಡು ಕೂರ್ಬೇಕು. ಅದೂ ಕಾಣಲ್ಲ" ಎಂದರು ಮೇಷ್ಟ್ರು.

ಅಂದಿನಿಂದ ಪ್ರತಿ ಸಂಜೆ ಹಿಂದಿನ ವರಾಂಡದಲ್ಲಿ ನಾನು ವಾರ್ತೆ ಓದಿ ಹೇಳುತ್ತಿದ್ದೆ. ಎರಡು ಸಲ ಕೇಳಿದರೆ ಅವರಿಗೆ ಬಾಯಿಪಾಠ. ಏಳು ಗಂಟೆಯ ನೇರಪ್ರಸಾರದಲ್ಲಿ ಅವರು ಗಾಜನ್ನೇ ದಿಟ್ಟಿಸಿ ಒಪ್ಪಿಸುತ್ತಿದ್ದರು. ಯಾರಿಗೂ ಅನುಮಾನ ಬಾರದಿರಲೆಂದು ನಾನು ಸುಮ್ಮನೆ ಸಾಲು ಸರಿಸುತ್ತಿದ್ದೆ. ಮೂರು ತಿಂಗಳು ಹೀಗೇ ಕಳೆಯಿತು.

ಆ ದಿನ ಹುಣಸೂರು ರಸ್ತೆಯಲ್ಲಿ ಲಾರಿ ಗುದ್ದಿ ಸ್ಕೂಟರ್ ಸವಾರ ಸತ್ತನೆಂಬ ಸುದ್ದಿಯಿತ್ತು. ವಾರ್ತೆ ಶುರುವಾದ ಮೇಲೆ ವರದಿಗಾರ ಓಡಿಬಂದು ನನ್ನ ಕಿವಿಯಲ್ಲಿ, "ಸತ್ತಿಲ್ಲ ಕಣ್ರೀ, ಆಸ್ಪತ್ರೇಲವ್ರೆ. ಬದ್ಲಾಯ್ಸಿ" ಎಂದ. ತಕ್ಷಣ ತಿದ್ದಿದೆ. ಆ ಗಡಿಬಿಡಿಯಲ್ಲಿ ಮೇಷ್ಟ್ರಿಗೆ ಕಾಣದೆಂಬುದೇ ಮರೆತುಹೋಗಿತ್ತು. ತಿದ್ದಿದ ಸಾಲು ಅವರ ಕಣ್ಣೆದುರೇ ನಿಂತಿತ್ತು. ಅವರು ಸವಾರನ ಹೆಸರು ಹೇಳಿ, "ಸ್ಥಳದಲ್ಲೇ ಮೃತಪಟ್ಟಿದ್ದಾರೆ" ಎಂದರು. ನಾನು ಕೂಗಬಹುದಿತ್ತು. ಕೂಗದೆ ಮುಂದಿನ ಸುದ್ದಿಗೆ ಸಾಲು ಸರಿಸಿದೆ.

ಮರುದಿನ ಸವಾರನ ಭಾವಮೈದ ಬಂದ. ಕೂಗಾಡಲಿಲ್ಲ. "ಬದುಕಿರೋನ್ ಹೆಂಡ್ತಿ ಬಳೆ ಒಡ್ಸಿಬುಟ್ರಲ್ಲ ಸಾ. ಟೀವಿ ನೋಡಿ ಬೀದಿಯೋರೆಲ್ಲ ಬಂದ್ಬುಟ್ರು, ನಮ್ಮಕ್ಕ ಇನ್ನೂ ಮಾತಾಡ್ತಿಲ್ಲ" ಎಂದು ಕುಸಿದು ಕೂತ.

ಯಜಮಾನರು ನನ್ನತ್ತ ತಿರುಗಿದರು. "ಪ್ರಾಂಪ್ಟರಲ್ಲಿ ಏನಿತ್ತಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು: "ಸರಿಯಾಗೇ ಇದ್ದಿರುತ್ತೆ. ನನಗೇ ಕಣ್ಣು ಕಾಣಲ್ಲ. ಯಾರಿಗೂ ಹೇಳಿರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ಮನೆಯಲ್ಲಿ ಸಂಬಳ ತರುತ್ತಿದ್ದವಳು ನಾನೊಬ್ಬಳೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮೇಷ್ಟ್ರು ಗೋಡೆ ಸವರುತ್ತ ಹೊರಗೆ ಹೋದರು.

ಆರು ತಿಂಗಳ ನಂತರ ಅವರ ಮನೆಗೆ ಹೋದೆ. ದನಿಯಿಂದಲೇ ಗುರುತು ಹಿಡಿದರು. ಮೊದಲು ಕೇಳಿದ್ದು, "ಆ ಸ್ಕೂಟರಿನೋರು ಹೇಗಿದಾರಮ್ಮ?"

"ಕೋಲು ಹಿಡ್ಕಂಡು ಓಡಾಡ್ತಾರಂತೆ ಸಾರ್."

"ಅವರ ಹೆಂಡ್ತಿ?"

ನನಗೆ ಗೊತ್ತಿರಲಿಲ್ಲ. ವಿಚಾರಿಸುವ ಧೈರ್ಯವೂ ಆಗಿರಲಿಲ್ಲ. ಕ್ಷಮೆ ಕೇಳಲೆಂದೇ ಹೋಗಿದ್ದವಳು, ಅವರ ಸೊಸೆ ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.